ನಡುಮನೆಯ ಅಪ್ಪ

ನಲ್ಲಿ ಕೈಕೊಟ್ಟದ್ದು ಸರಿಯಾಗಿ ನೊರೆ ಎದ್ದ ಹೊತ್ತಿಗೆ. ವಿಗ್ಗಿನವನ ಎರಡೂ ಕೈಯಲ್ಲಿ ಒಂದು ತಲೆಗಾಗುವಷ್ಟು ಕೂದಲು, ಮೊಣಕೈವರೆಗೂ ಶಾಂಪೂ. ನಲ್ಲಿ ಕೆಮ್ಮಿತು, ಗೊರಗೊರ ಎಂದಿತು, ಆಮೇಲೆ ಸುಮ್ಮನಾಯಿತು. ನೊರೆ ಹಾಗೇ ಒಣಗಿದರೆ ಕೂದಲು ಅಂಟುಗಟ್ಟುತ್ತದೆ. ಕಂತೆಯನ್ನು ಕೈಬಿಟ್ಟರೆ ಬುಡ ಯಾವುದು ತುದಿ ಯಾವುದು ಎಂದು ಗೊತ್ತಾಗದಂತೆ ಕಲಸಿಹೋಗುತ್ತದೆ. ಹಾಗೆ ಕಲಸಿದ ಕೂದಲನ್ನು ದೇವರೇ ಇಳಿದು ಬಂದರೂ ಬಿಡಿಸಲಾರ. ಅವನು ಕಂತೆಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು, ಬಕೆಟ್ಟನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು ಕೆಳಗಿನ ಲಾಂಡ್ರಿಗೆ ಓಡಿದ.

"ಅಕ್ಕಾ, ನೀರು! ಬೇಗ!"

ಲಾಂಡ್ರಿ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ತಿರುಗಿದಳು. "ಅಯ್ಯಯ್ಯೋ, ಯಾರ ಜುಟ್ಟು ಕಿತ್ಕೊಂಡು ಬಂದ್ಯಪ್ಪಾ?"

ಉತ್ತರ ಕೊಡಲೆಂದು ಅವನು ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಉಳಿಯಿತು.

ಅಕ್ಕನ ಹಿಂದೆ, ಮಡಿಸಿಟ್ಟ ಹಾಸಿಗೆ ಹೊದಿಕೆಗಳ ನಡುವೆ, ಎತ್ತರದ ಮೇಜಿನ ಮೇಲೆ ಅವನ ಮಗಳು ಕೂತಿದ್ದಳು. ಶಾಲೆಯ ಸಮವಸ್ತ್ರ, ಮೊಣಕಾಲಿಗೆ ಎಳೆದ ಕಾಲುಚೀಲ, ಪಕ್ಕದಲ್ಲಿ ಚೀಲ. ಕಾಲು ಆಡಿಸುತ್ತ ದಿಂಬಿನ ಕವರುಗಳನ್ನು ಜೋಡಿ ಮಾಡುತ್ತಿದ್ದಳು. ಅಪ್ಪನನ್ನು ಕಂಡು ಹೆದರಲಿಲ್ಲ, ಬೆಚ್ಚಲಿಲ್ಲ. "ಅಪ್ಪ, ಬುಡ ಮೇಲಕ್ಕೆ ಹಿಡ್ಕೋ, ನೀರು ಸೋರ್ತಿದೆ" ಎಂದಳು.

ಅವಳು ಶಾಲೆಗೆ ಹೋಗಿ ಆಗಲೇ ಎಷ್ಟೋ ಹೊತ್ತಾಗಿರಬೇಕಿತ್ತು. ಹೋಗು ಎಂದು ಕಳಿಸಿದವನು ಅವನೇ.

ಅವನು ಕಳಿಸುವ ಬಗೆ ಹೇಗೆಂದು ಇಲ್ಲಿ ಹೇಳಿಬಿಡಬೇಕು. ಹೆಂಡತಿ ತೀರಿಕೊಂಡಾಗ ಮಗುವಿಗಿನ್ನೂ ಹಾಲುಹಲ್ಲು. ಮನೆಯ ಮುಂದಿನ ಕೋಣೆಯಲ್ಲೇ ವಿಗ್ಗಿನ ಕೆಲಸ. ಕಾಯಿಲೆಯಲ್ಲಿ ಕೂದಲು ಕಳೆದುಕೊಂಡವರು, ನಾಟಕದವರು, ಬೋಳುತಲೆಗೆ ನಾಚುವ ಮದುಮಗಂದಿರು, ಎಲ್ಲರೂ ಬರುತ್ತಿದ್ದದ್ದು ಅಲ್ಲಿಗೇ. ಬಲೆಬಟ್ಟೆಯ ಕಣ್ಣುಕಣ್ಣಿಗೂ ಸಣ್ಣ ಕೊಕ್ಕೆಯಿಂದ ಒಂದೊಂದೇ ಕೂದಲು ಎಳೆದು ಗಂಟು ಹಾಕುವ ಕೆಲಸ ಅದು. ಫ್ಯಾನು ಹಾಕುವಂತಿಲ್ಲ, ಕೂದಲು ಹಾರುತ್ತದೆ. ಬಾಗಿಲು ತೆರೆಯುವಂತಿಲ್ಲ, ಗಾಳಿ ನುಗ್ಗುತ್ತದೆ. ನಡುವೆ ಎದ್ದರೆ ಬೈತಲೆಯ ಗೆರೆ ತಪ್ಪುತ್ತದೆ. ಇತ್ತ ಮಗು ಏಳಬೇಕು, ಹಲ್ಲುಜ್ಜಬೇಕು, ಹಾಲು ಕುಡಿಯಬೇಕು. ಒಂದೊಂದಕ್ಕೂ ಕೊಕ್ಕೆ ಕೆಳಗಿಟ್ಟು ಓಡಿ, ವಾಪಸು ಬಂದು ಗೆರೆ ಹುಡುಕಿ, ಅವನು ಹೈರಾಣಾಗಿದ್ದ.

ಆಗ ಹೊಳೆದದ್ದು ಆ ಉಪಾಯ. ಹಳೆಯ ಫೋನಿನಲ್ಲಿ ತನ್ನ ದನಿಯಲ್ಲೇ ಬೆಳಗಿನ ಮಾತುಗಳನ್ನೆಲ್ಲ ರೆಕಾರ್ಡು ಮಾಡಿ, ನಡುಮನೆಯ ಗೂಡಿನಲ್ಲಿಟ್ಟ ಸ್ಪೀಕರಿಗೆ ಜೋಡಿಸಿದ. ದಿನಾ ಬೆಳಿಗ್ಗೆ ತಾನಾಗಿ ಶುರುವಾಗುತ್ತಿತ್ತು. ಪ್ರತಿ ಮಾತಿನ ನಡುವೆಯೂ ಮಗು ಆ ಕೆಲಸ ಮುಗಿಸುವಷ್ಟು ಬಿಡುವು. ಬರೀ ಹುಕುಂ ಹೊರಡಿಸಿದರೆ ಮಗು ನೊಂದುಕೊಂಡೀತೆಂದು ಪ್ರೀತಿಯನ್ನೂ ಸೇರಿಸಿದ್ದ: "ಜಾಣೆ!", "ನನ್ನ ಬಂಗಾರ!" ಸಂಜೆಗೊಂದು ಬೇರೆ ರೆಕಾರ್ಡು. ಬಾಗಿಲ ಈಚೆ ಕೂತು ಗಂಟು ಹಾಕುತ್ತ, ಆಚೆ ತನ್ನದೇ ದನಿ ಮನೆ ನಡೆಸುವುದನ್ನು ಕೇಳುವಾಗ ಅವನಿಗೆ ಒಳಗೊಳಗೇ ಹೆಮ್ಮೆ. ನಡುನಡುವೆ ಮಗಳ ದನಿಯೂ ಕೇಳುತ್ತಿತ್ತು, ತನ್ನಷ್ಟಕ್ಕೆ ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಅವನು ಕಿವಿಗೊಡುತ್ತಿರಲಿಲ್ಲ. ಒಬ್ಬನಿದ್ದದ್ದು ಇಬ್ಬರಾದೆವಲ್ಲ! ಗಿರಾಕಿಗಳ ಎದುರು ಕೊಚ್ಚಿಕೊಂಡದ್ದೂ ಉಂಟು. ಚಟಪಟ ತಯಾರಾಗುವ ಮಗಳಿಗೆ ಚುರುಕಿ ಎಂದು ಹೆಸರಿಟ್ಟವನೂ ಅವನೇ.

ಆ ಚುರುಕಿ ಈಗ ಲಾಂಡ್ರಿಯ ಮೇಜಿನ ಮೇಲೆ.

"ಸ್ಕೂಲು?" ಅಷ್ಟೇ ಹೊರಟಿತು ಅವನ ಬಾಯಿಂದ.

"ಹೋಗ್ಲಿಲ್ಲ."

"ಯಾಕೆ?"

"ನಿಂಗೆ ಹೇಳಿದ್ನಲ್ಲ ಅಪ್ಪ."

"ಯಾವಾಗ ಹೇಳಿದ್ದೆ?"

ಲಾಂಡ್ರಿ ಅಕ್ಕ ಕಂತೆಯ ಮೇಲೆ ನೀರು ಹೊಯ್ಯುತ್ತ ನಡುವೆ ಬಾಯಿ ಹಾಕಿದಳು. "ಏನಪ್ಪಾ ಹಾಗೆ ಕಣ್ಣು ಕಣ್ಣು ಬಿಡ್ತೀಯ? ಹೋದ ವಾರದಿಂದ ಇಲ್ಲೇ ಇದಾಳೆ. ನೀನೇ ತಾನೆ ಕಳಿಸ್ತಿರೋದು?"

"ಹೋದ ವಾರದಿಂದ? ಅಕ್ಕ, ನಾನು ಕಳಿಸ್ತಿರೋದು ಸ್ಕೂಲಿಗೆ!"

"ನನ್ನ ಕಿವಿಗೆ ಹೂವಿಡ್ಬೇಡ. ನಾನೂ ಮೊದಲನೇ ದಿನ ನಂಬ್ಲಿಲ್ಲ. ಮಾರನೇ ಬೆಳಿಗ್ಗೆ ಮೇಲೆ ಬಂದು ನಿನ್ನ ಬಾಗಿಲ ಹೊರಗೆ ನಿಂತ್ಕೊಂಡೆ. ಇವಳು, 'ಅಪ್ಪ, ಇವತ್ತೂ ಸ್ಕೂಲಿಗೆ ಹೋಗಲ್ಲ, ಲಾಂಡ್ರಿಲಿ ಕೂತಿರ್ತೀನಿ' ಅಂದ್ಲು. ನೀನು, 'ಸರಿ ಸರಿ, ಸಂಜೆ ಮಾತಾಡೋಣ, ಹುಷಾರಾಗಿ ಹೋಗ್ಬಾ' ಅಂದೆ. ಈ ಎರಡು ಕಿವಿಲೇ ಕೇಳಿದೀನಿ. ಇಲ್ಲ ಅನ್ನು ನೋಡೋಣ?"

ಇಲ್ಲ ಎನ್ನುವ ಹಾಗಿರಲಿಲ್ಲ. ಅದು ಅವನದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.

"ಇಂಥ ಅಪ್ಪನೂ ಇರ್ತಾನಾ ಅನ್ನಿಸ್ತು," ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಆಮೇಲೆ, ಪಾಪ ಒಬ್ಬನೇ ಒದ್ದಾಡ್ತಾನೆ, ಜನ ಬಟ್ಟೆ ಹಾಕೋ ಹಾಗೆ ಇವನು ಮಗುನ ಹಾಕಿ ಹೋಗ್ತಿದಾನೆ ಅಂತ ಸುಮ್ಮನಾದೆ."

ಅವನು ಕಂತೆಯನ್ನು ಎದೆಗವಚಿಕೊಂಡು ಮಗಳಿಗೆ ಬಾ ಎಂದು ಸನ್ನೆ ಮಾಡಿದ.

ಮೆಟ್ಟಿಲು ಹತ್ತುವಾಗ ಮಗಳು ಮುಂದೆ, ಅವನು ಹಿಂದೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಡುಮನೆಗೆ ಬಂದು ಕಂತೆಯನ್ನು ಟವೆಲಿನ ಮೇಲೆ ಮಲಗಿಸಿ, ಮಗಳ ಎದುರು ಮಂಡಿಯೂರಿದ.

"ಚುರುಕಿ, ಅದು ರೆಕಾರ್ಡು ಕಣಮ್ಮ. ಅದಕ್ಕೆ ಕಿವಿ ಇಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತು," ಅವಳಿಗೆ ಸ್ವಲ್ಪ ಅವಮಾನವೇ ಆದಂತಿತ್ತು. "ನಾನೇನು ಚಿಕ್ಕ ಮಗುನಾ? ಅದು ನಡುಮನೆ ಅಪ್ಪ. ನೀನು ಕೋಣೆ ಅಪ್ಪ. ಆದ್ರೆ ಅದೂ ನೀನೇ ತಾನೆ? ನೀನೇ ತಾನೆ 'ಏನಾದ್ರೂ ಹೇಳೋದಿದ್ಯಾ ಬಂಗಾರ' ಅಂತ ಕೇಳೋದು? ಕೇಳಿದ್ಮೇಲೆ ಹೇಳ್ಬಾರ್ದಾ?"

ಆ ಪ್ರಶ್ನೆ ಅವನೇ ಸೇರಿಸಿದ್ದು. ರೆಕಾರ್ಡು ತೀರಾ ಒಣಒಣ ಆಯಿತೆಂದು, ಕೊನೆಗೊಂದು ಒಗ್ಗರಣೆಯ ಹಾಗೆ.

"ಏನೇನು ಹೇಳಿದೀಯ ನೀನು ಅದಕ್ಕೆ?"

"ತುಂಬ. ತೋರಿಸ್ಲಾ?"

ಅವನು ಹೂಂ ಎನ್ನುವ ಮೊದಲೇ ಅವಳು ಸ್ಟೂಲು ಹತ್ತಿ ಫೋನು ಒತ್ತಿದಳು. ಅವನ ದನಿ ಉಲ್ಲಾಸದಿಂದ ಮನೆ ತುಂಬಿತು: "ಚುರುಕೀ, ಏಳಮ್ಮ! ಸೂರ್ಯ ಆಗಲೇ ಬಂದು ಕಾಯ್ತಿದಾನೆ." ಮಗಳು ಸ್ಪೀಕರಿನ ಎದುರು ನೆಟ್ಟಗೆ ನಿಂತಳು. "ಎದ್ದೆ ಅಪ್ಪ. ಕೆಟ್ಟ ಕನಸು ಬಿದ್ದಿತ್ತು." ಆಮೇಲೆ ಅವನತ್ತ ತಿರುಗಿ ಪಿಸುಗುಟ್ಟಿದಳು, "ಅವತ್ತು ಹೀಗೇ ಅಂದಿದ್ದೆ." ಸ್ಪೀಕರು ಎಂದಿತು: "ಭೇಷ್! ಈಗ ಹಲ್ಲುಜ್ಜು."

ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ. ಪ್ರತಿ ಬಿಡುವೂ ಎಷ್ಟು ಉದ್ದವೆಂದು ಅವಳಿಗೆ ಗೊತ್ತಿತ್ತು. ಅವಳ ಮಾತು ಅಷ್ಟರೊಳಗೇ ಮುಗಿಯುತ್ತಿತ್ತು. ಅಪ್ಪನ ಮಾತಿನ ಮೇಲೆ ಅವಳ ಮಾತು ಒಮ್ಮೆಯೂ ಬೀಳಲಿಲ್ಲ. ಎಷ್ಟು ದಿನದ ಅಭ್ಯಾಸವೋ!

"ಹಾಲು ಕುಡಿದ್ಯಾ?" ಕೇಳಿತು ಸ್ಪೀಕರು.

ಮಗಳು ಉಸಿರೆಳೆದುಕೊಂಡಳು. "ಕುಡಿದೆ. ಅಪ್ಪ, ನಿನ್ನೆ ನಾನು ನನ್ನ ಕ್ಲಾಸಿನ ಉದ್ದಜಡೆಯವಳ ಜಡೆ ಕತ್ತರಿಸಿದೆ. ಮೊದಲು ದಾರ ಕಟ್ಟಿದೆ, ಆಮೇಲೆ ಕತ್ತರಿಸಿದೆ. ನಿನ್ನ ಡ್ರಾಯರಲ್ಲಿ ಇಟ್ಟಿದೀನಿ."

"ಜಾಣೆ!" ಎಂದಿತು ಅವನ ದನಿ. "ನನ್ನ ಬಂಗಾರ!"

ವಿಗ್ಗಿನವನು ಗರ ಬಡಿದವನ ಹಾಗೆ ಕೂತುಬಿಟ್ಟ. ರೆಕಾರ್ಡು ಮುಂದೆ ಓಡುತ್ತಿತ್ತು, ಮಗಳೂ ಅದರ ಜೊತೆ ಓಡುತ್ತಿದ್ದಳು: ಶಾಲೆಯ ದೊಡ್ಡ ಮಿಸ್ಸು ಅಪ್ಪನನ್ನು ಕರೆದುಕೊಂಡು ಬಾ ಅಂದಿದಾರೆ ಎಂದು ಮಗಳು, "ಸರಿ ಸರಿ, ಸಂಜೆ ಮಾತಾಡೋಣ" ಎಂದು ಸ್ಪೀಕರು; ಅಪ್ಪ ಬರದಿದ್ರೆ ಒಳಗೆ ಬಿಡಲ್ಲ ಅಂದಿದಾರೆ ಎಂದು ಮಗಳು, "ಹುಷಾರಾಗಿ ಹೋಗ್ಬಾ. ಬಾಗಿಲು ಎಳ್ಕೋ." ಅವನ ಕಿವಿಗೆ ಯಾವುದೂ ಸರಿಯಾಗಿ ಬೀಳಲಿಲ್ಲ. ಅವನ ಕಣ್ಣು ಕೋಣೆಯ ಬಾಗಿಲ ಸಂದಿಯಿಂದ ಕಾಣುತ್ತಿದ್ದ ಮರದ ತಲೆಯ ಮೇಲೆ ನೆಟ್ಟಿತ್ತು.

ಮರದ ತಲೆಯ ಮೇಲೆ ಹೆಚ್ಚುಕಡಿಮೆ ಮುಗಿದ ವಿಗ್ಗು. ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರದು. ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿ, ಈಗ ಮತ್ತೆ ಕೆಲಸಕ್ಕೆ ಹೊರಟವರು. ಅವರ ಕೂದಲು ಮೊದಲು ಕೆಂಪು ಬೆರೆತ ಕಂದು ಬಣ್ಣದ್ದಂತೆ. ಹಿಂದಿನದೆಲ್ಲ ಹೇಗೋ ಹೊಂದಿಕೆಯಾಗಿತ್ತು. ಹಣೆಯ ಮೇಲಿನ ಸಾಲಿಗೆ ಅದೇ ಬಣ್ಣದ ಎಳೆ ಎಲ್ಲೂ ಸಿಗದೆ ಅವನು ಪೇಚಾಡಿದ್ದ. ಒಂದು ಬೆಳಿಗ್ಗೆ ಡ್ರಾಯರು ಎಳೆದರೆ ಕಂತೆಯೊಂದು ಕಂಡಿತ್ತು. ಬುಡದ ಕಡೆ ದಾರ ಬಿಗಿದು, ತುದಿ ಅಚ್ಚುಕಟ್ಟಾಗಿ ಸುತ್ತಿ, ಥೇಟ್ ಅವನು ಕಟ್ಟುವ ಹಾಗೇ ಕಟ್ಟಿದ್ದು. ಹಳೆಯ ದಾಸ್ತಾನಿನಲ್ಲಿ ಉಳಿದದ್ದು, ನನ್ನ ಅದೃಷ್ಟ ಎಂದುಕೊಂಡಿದ್ದ. ತೊಳೆದ, ಬಾಚಿದ, ಕೊಕ್ಕೆಗೆ ಎಳೆದ. ಹಣೆಯ ಸಾಲು ತುಂಬಿಸಿ, ದೂರ ನಿಂತು ನೋಡಿ, ತಾನೇ ಮೆಚ್ಚಿಕೊಂಡಿದ್ದ.

ಮಗಳ ತರಗತಿಯ ಹುಡುಗಿಯ ಜಡೆ ಆ ಮರದ ತಲೆಯ ಹಣೆಯ ಮೇಲೆ ಮಿನುಗುತ್ತಿತ್ತು.

"ಯಾಕೆ?" ಅವನು ಮಗಳತ್ತ ತಿರುಗಿದ. "ಯಾಕೆ ಮಾಡ್ದೆ?"

"ನೀನೇ ಅಂದ್ಯಲ್ಲ. ಇದೇ ಬಣ್ಣದ್ದು ಒಂದು ಹಿಡಿ ಸಿಕ್ಕಿದ್ರೆ ಈ ತಲೆ ಮುಗಿದುಹೋಗುತ್ತೆ, ಆಮೇಲೆ ಒಂದಿಡೀ ದಿನ ನಮ್ಮಿಬ್ರಿಗೇ ಅಂತ." ಅವಳು ತಲೆ ತಗ್ಗಿಸಿದಳು. "ಅವಳ್ದು ಇದೇ ಬಣ್ಣ. ಒಂದು ಹಿಡಿಗಿಂತ ಜಾಸ್ತಿನೇ ಇತ್ತು."

ಅವನು ಹಾಗೆ ಅಂದದ್ದು ಹೌದು. ಕೊಕ್ಕೆ ಹಲ್ಲಲ್ಲಿ ಕಚ್ಚಿಕೊಂಡು, ಯಾರಿಗೂ ಅಲ್ಲದೆ, ಗಾಳಿಗೆ ಅಂದ ಮಾತು. ಗಾಳಿಗೆ ಅಂದದ್ದನ್ನು ಅವಳು ಬಾಗಿಲಿಗೆ ಕಿವಿಕೊಟ್ಟು ಹಿಡಿದಿದ್ದಳು.

ಬೈಯಬೇಕೆಂದು ಎದ್ದ. "ಶೂ ಹಾಕ್ಕೋ" ಎಂದ. ಅವಳು ಹಾಕಿಕೊಂಡೇ ಇದ್ದಳು.

ಶಾಲೆ ನಡೆದು ಹೋಗುವಷ್ಟೇ ದೂರ. ದಾರಿಯಲ್ಲಿ ಅವನು ಲೈಬ್ರರಿಯವರಿಗೆ ಫೋನು ಮಾಡಿದ. ಸಂಜೆ ವಿಗ್ಗು ಒಯ್ಯಲು ಬರುವವರಿದ್ದರು ಅವರು.

"ಮೇಡಂ, ಇವತ್ತು ಆಗಲ್ಲ. ಮುಂದಿನ ಸಾಲು ಪೂರ್ತಿ ಬಿಚ್ಚಬೇಕು."

"ಅಯ್ಯೋ, ಯಾಕ್ರೀ?"

"ಆ ಕೂದಲು... ನನ್ನದಲ್ಲ."

"ನಿಮ್ಮದಲ್ಲ ಅಂತ ನಂಗೂ ಗೊತ್ತು. ನಿಮ್ಮ ತಲೇಲಿ ಎಲ್ಲಿದೆ ಅಷ್ಟೊಂದು?" ಅವರು ನಕ್ಕರು. ಅವನು ನಗಲಿಲ್ಲವೆಂದು ಗೊತ್ತಾಗಿ ದನಿ ಇಳಿಸಿದರು. "ಸರಿ ಬಿಡಿ. ಇಷ್ಟು ದಿನ ಸ್ಕಾರ್ಫ್ ಕಟ್ಟಿದೀನಿ, ಇನ್ನೂ ಕಟ್ತೀನಿ. ನೀವು ಮಾತ್ರ ಯಾಕೋ ಹುಷಾರಿಲ್ಲದವರ ಹಾಗೆ ಮಾತಾಡ್ತಿದೀರಿ."

ಮಗಳು ಪಕ್ಕದಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಬಿಚ್ತೀಯಾ ಅಪ್ಪ? ಪೂರ್ತಿ?" ಎಂದಳು. ಒಂದೊಂದೇ ಗಂಟು ಹಾಕುವುದಕ್ಕಿಂತ ಒಂದೊಂದೇ ಗಂಟು ಬಿಚ್ಚುವುದು ಎಂಥ ಕೆಲಸವೆಂದು ಅವಳಿಗೆ ಗೊತ್ತು. ಇಡೀ ದಿನ ನಮ್ಮಿಬ್ಬರಿಗೇ ಎಂಬ ಮಾತು ಎಷ್ಟು ದೂರ ಹೋಯಿತೆಂದೂ ಗೊತ್ತಾಗಿರಬೇಕು.

ದೊಡ್ಡ ಮಿಸ್ಸಿನ ಕೋಣೆಯಲ್ಲಿ ಒಂದು ಮೇಜು, ಒಂದು ಬೀರು, ಗೋಡೆಗಂಟಿದ ಗಿಡ್ಡ ಬೆಂಚು. ಬೆಂಚಿನ ತುದಿಯಲ್ಲಿ ಹುಡುಗಿಯೊಬ್ಬಳು ಕೂತಿದ್ದಳು. ಕುತ್ತಿಗೆಯವರೆಗೆ ಮೋಟು ಮಾಡಿಸಿದ ಕೂದಲು, ಕೆಂಪು ಬೆರೆತ ಕಂದು. ಅವನು ಆ ಬಣ್ಣದಿಂದ ಕಣ್ಣು ಕಿತ್ತುಕೊಂಡ. ಆ ಎಳೆಗಳ ದಪ್ಪ, ನುಣುಪು, ನೆನೆದಾಗಿನ ಭಾರ, ಎಲ್ಲ ಅವನ ಬೆರಳಿಗೆ ಗೊತ್ತಿತ್ತು.

"ಅಂತೂ ದರ್ಶನ ಕೊಟ್ರಿ," ಎಂದರು ದೊಡ್ಡ ಮಿಸ್ಸು. "ನಿಮ್ಮ ಫೋನಿಗೆ ಮಾಡಿ ಮಾಡಿ ಸಾಕಾಯ್ತು. ಸತ್ತೇ ಹೋಗಿದೆ ಆ ನಂಬರು."

ಶಾಲೆಯಲ್ಲಿ ಕೊಟ್ಟಿದ್ದದ್ದು ಹಳೆಯ ಫೋನಿನ ನಂಬರು. ರೆಕಾರ್ಡಿನ ನಡುವೆ ಕರೆ ಬಂದು ಮಗುವಿನ ಬೆಳಗು ಕೆಡಬಾರದೆಂದು ಅದರ ಸಂಪರ್ಕವನ್ನೇ ಕಡಿದು, ಗಿರಾಕಿಗಳಿಗೆಲ್ಲ ಹೊಸ ನಂಬರು ಕೊಟ್ಟಿದ್ದ. ಒಬ್ಬ ಗಿರಾಕಿಯನ್ನೂ ಬಿಟ್ಟಿರಲಿಲ್ಲ. ಶಾಲೆ ಮಾತ್ರ ಮರೆತುಹೋಗಿತ್ತು.

ದೊಡ್ಡ ಮಿಸ್ಸು ಮೋಟು ಕೂದಲಿನ ಹುಡುಗಿಯನ್ನು ಹೊರಗೆ ಕಳಿಸಿದರು. ಅವಳು ಹೋಗುತ್ತ ಚುರುಕಿಯ ಕಿವಿಯ ಬಳಿ, "ನನ್ನ ಕೂದಲು ಈಗ ಯಾರ ತಲೆ ಮೇಲಿದೆ?" ಎಂದು ಕೇಳಿದಳು. ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು. ಚುರುಕಿ ಅಪ್ಪನನ್ನು ತೋರಿಸಿದಳು. ಹುಡುಗಿ ಅವನ ತಲೆಯನ್ನೇ ದಿಟ್ಟಿಸುತ್ತ, ಏನೂ ಅರ್ಥವಾಗದೆ, ಹೊರಗೆ ಹೋದಳು.

"ನೋಡಿ," ದೊಡ್ಡ ಮಿಸ್ಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂದಲಿನ ವಿಷಯ ನಾನು ದೊಡ್ಡದು ಮಾಡಲ್ಲ. ಮಕ್ಕಳು. ಬೆಳೆಯುತ್ತೆ. ಅವಳ ತಾಯಿ ಕೂಗಾಡಿದ್ರು, ಆಮೇಲೆ ತಲೆ ಬಾಚೋ ಕೆಲಸ ಉಳೀತು ಅಂತ ಅವರೇ ನಕ್ರು. ನನಗೆ ತಡೆಯೋಕಾಗದೆ ಇರೋದು ಸುಳ್ಳು. ನಿಮ್ಮ ಮಗಳು ಇಲ್ಲಿ, ಇದೇ ಜಾಗದಲ್ಲಿ ನಿಂತು, ನನ್ನ ಮುಖ ನೋಡಿ, 'ಅಪ್ಪನಿಗೆ ಹೇಳಿದೀನಿ ಮಿಸ್, ಅಪ್ಪ ಜಾಣೆ ಅಂದ್ರು' ಅಂದ್ಲು. ಯಾವ ಅಪ್ಪ ಅಂತಾನೆ ಹಾಗೆ? ಗದರಿಸಿದೆ, ಬಿಡಲಿಲ್ಲ. ಅಪ್ಪ ಬಂಗಾರ ಅಂದ್ರು ಅಂತ ಇನ್ನೊಂದು ಸೇರಿಸಿದ್ಲು! ಅದಕ್ಕೇ ಹೊರಗಿಟ್ಟೆ. ಈಗ ನೀವು ಬಂದಿದೀರಿ. ನಾನು ಹಾಗೆ ಅನ್ನಲಿಲ್ಲ ಅಂತ ಒಂದು ಮಾತು ಹೇಳಿ. ಅವಳು ಸುಳ್ಳು ಹೇಳಿದೆ ಅಂತ ಎಲ್ಲರ ಎದುರು ಒಪ್ಪಿಕೊಳ್ಳಲಿ. ಈಗಲೇ ಕ್ಲಾಸಿಗೆ ಹೋಗಿ ಕೂರಲಿ. ಇಲ್ಲ ಅಂದ್ರೆ ನೀವು ಬೇರೆ ಶಾಲೆ ನೋಡ್ಕೊಳ್ಳಿ."

ಎಷ್ಟು ಸುಲಭವಾಗಿತ್ತು! ನಾನು ಅನ್ನಲಿಲ್ಲ. ಅದು ನಿಜವೂ ಹೌದು. ಅಂದುಬಿಟ್ಟರೆ ಮಗಳಿಗೆ ಶಾಲೆ, ಅವನಿಗೆ ಮರ್ಯಾದೆ, ಎರಡೂ ಉಳಿಯುತ್ತವೆ. ಅವನು ಮಗಳನ್ನು ನೋಡಿದ. ಅವಳು ಅವನತ್ತ ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು, ಏಟಿಗೆ ಬೆನ್ನು ಕೊಟ್ಟು ನಿಂತವರ ಹಾಗೆ ಭುಜ ಮೇಲೆತ್ತಿಕೊಂಡು. ಹೋದ ವಾರವೆಲ್ಲ ಇವಳು ಒಬ್ಬಳೇ ಸುಳ್ಳಿಯಾಗಿ ತಿರುಗಿದ್ದಳೆಂಬುದು ಅವನಿಗೆ ಹೊಳೆದದ್ದು ಆಗ.

"ಸುಳ್ಳಲ್ಲ ಮೇಡಂ," ಎಂದ. "ಅವಳು ಹೇಳಿದ್ಲು. ನಾನು ಜಾಣೆ ಅಂದೆ."

ದೊಡ್ಡ ಮಿಸ್ಸಿನ ಕೈ ಕನ್ನಡಕದ ಮೇಲೇ ನಿಂತಿತು. "ಏನಂದ್ರಿ?"

"ಜಾಣೆ ಅಂದೆ. ಬಂಗಾರ ಅಂದೆ. ನೀವು ಕರೀತಿದೀರಿ ಅಂದಾಗ ಸಂಜೆ ಮಾತಾಡೋಣ ಅಂದೆ. ಸ್ಕೂಲಿಗೆ ಹೋಗಲ್ಲ ಅಂದಾಗ ಹುಷಾರಾಗಿ ಹೋಗ್ಬಾ ಅಂದೆ."

ದೊಡ್ಡ ಮಿಸ್ಸು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಂಥದೊಂದು ಪ್ರಾಣಿಯನ್ನು ಇಷ್ಟು ವರ್ಷದಲ್ಲಿ ಕಂಡದ್ದೇ ಇಲ್ಲ ಎಂಬ ಹಾಗೆ. ಅವರಿಗಿಂತ ಹೆಚ್ಚು ದಂಗಾದದ್ದು ಮಗಳು. ಅವಳ ತಲೆ ಸರ್ರನೆ ಮೇಲೆದ್ದಿತು. ಕಣ್ಣು ತಟ್ಟೆಯಷ್ಟಗಲವಾಗಿತ್ತು.

"ಇಲ್ಲ ಮಿಸ್!" ಕಿರುಚಿಯೇ ಬಿಟ್ಟಳು. "ಅಪ್ಪ ಸುಳ್ಳು ಹೇಳ್ತಿದಾರೆ! ಇವ್ರು ಅನ್ನಲೇ ಇಲ್ಲ! ಇವ್ರಿಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ರೆ ಬೈತಿದ್ರು. ಎಷ್ಟು ಬೈತಿದ್ರು ಗೊತ್ತಾ ಮಿಸ್ ನಿಮ್ಗೆ? ನಿಮಗಿಂತ ಜಾಸ್ತಿ ಬೈತಿದ್ರು!"

"ಚುರುಕಿ..."

"ನೀನು ಸುಮ್ನಿರು ಅಪ್ಪ! ನೀನು ಹಾಗೆಲ್ಲ ಅನ್ನಲ್ಲ!" ಅವಳ ಕೆನ್ನೆ ಕೆಂಪಾಗಿತ್ತು. ಅಪ್ಪನ ಮೇಲೆ ಯಾರೋ ಮಾಡಬಾರದ ಅಪವಾದ ಹೊರಿಸಿದ್ದಾರೆ, ಅದನ್ನು ತೊಳೆಯುವವರು ತಾನಲ್ಲದೆ ಬೇರೆ ಇಲ್ಲ ಎಂಬ ಹಾಗೆ ಅವಳು ಅವನ ಮುಂದೆ ಅಡ್ಡ ನಿಂತಿದ್ದಳು.

ದೊಡ್ಡ ಮಿಸ್ಸು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದರು. ಅವರ ದನಿ ಮೊದಲ ಸಲ ಮೆತ್ತಗಾಯಿತು. "ಹಾಗಾದ್ರೆ ನಿಂಗೆ ಜಾಣೆ ಅಂದವರು ಯಾರಮ್ಮ?"

ಮಗಳು ಅಪ್ಪನತ್ತ ನೋಡಿದಳು. ವಿಗ್ಗಿನವನು ಗಿಡ್ಡ ಬೆಂಚಿನ ಮೇಲೆ ಕೂತ. ಈಗ ಇಬ್ಬರ ಮುಖವೂ ಒಂದೇ ಎತ್ತರಕ್ಕೆ ಬಂತು.

"ಹೇಳು," ಎಂದ. "ನಂಗೂ ಪೂರ್ತಿ ಗೊತ್ತಿಲ್ಲ."

ಅವಳು ಕಾದಳು. ಅವನಿಗೆ ತಿಳಿಯಿತು, ಅವಳು ಬಿಡುವು ಮುಗಿಯುವುದನ್ನು ಕಾಯುತ್ತಿದ್ದಾಳೆ. ಇನ್ನೇನು ಅಪ್ಪನ ಮುಂದಿನ ಮಾತು ಬರುತ್ತದೆ, ಬಂದು ಎಲ್ಲ ಮುಗಿಸಿಬಿಡುತ್ತದೆ ಎಂದು. ಅವನು ತುಟಿ ಬಿಚ್ಚಲಿಲ್ಲ. ಹೊರಗೆ ಯಾವುದೋ ತರಗತಿಯಲ್ಲಿ ಮಕ್ಕಳು ಒಟ್ಟಾಗಿ ಏನೋ ಓದುತ್ತಿದ್ದರು, ಅದು ಮುಗಿಯಿತು. ಅವನು ಆಗಲೂ ಮಾತಾಡಲಿಲ್ಲ. ಅವಳ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಏನೋ ಅನುಮಾನ.

"ತುಂಬ ಹೊತ್ತಾಗುತ್ತೆ ಅಪ್ಪ," ಎಂದಳು.

"ಆಗ್ಲಿ."

"ನಿನ್ನ ಕೆಲಸ?"

"ಆಗ್ಲಿ ಅಂದ್ನಲ್ಲ."

ಅವಳು ಬೆನ್ನ ಮೇಲಿನ ಚೀಲ ಇಳಿಸಿದಳು. ಇಳಿಸಿ, ಅಪ್ಪನ ಪಕ್ಕ ಬೆಂಚಿನ ಮೇಲೆ ಒತ್ತಿಕೊಂಡು ಕೂತು, ದೊಡ್ಡ ಮಿಸ್ಸಿನ ಕಡೆಗಲ್ಲ, ಅವನ ಕಡೆಗೇ ತಿರುಗಿ, ಎಲ್ಲಿಂದಲೋ ಶುರು ಮಾಡಿದಳು: "ಒಂದು ಸಲ ನಂಗೆ ಜ್ವರ ಬಂದಿತ್ತು. ನಿಂಗೆ ಗೊತ್ತಿಲ್ಲ ಅದು."